ಕಳ್ಳನನ್ನು ಕಂಬಕ್ಕೆ ಕಟ್ಟಿದ ಮೇಲೆ ಕೇಸು ಯಾರ ಮೇಲೆ?

(ಧಾರವಾಡದ ನ್ಯಾಯಾಲಯಗಳಲ್ಲಿ ಬಹುಕಾಲದಿಂದ ಕ್ರಿಮಿನಲ್ ಪ್ರಕರಣಗಳನ್ನು ನಡೆಸುತ್ತಿರುವ ವಕೀಲರು ಓದುಗರಿಗೆ ಉತ್ತರಿಸಿದ್ದಾರೆ.)

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಒಂದೇ ಪ್ರಶ್ನೆಯನ್ನು ಬೇರೆ ಬೇರೆ ಮಾತಿನಲ್ಲಿ ಕೇಳಿವೆ. ಎಷ್ಟು ಸಲ ಹೇಳಿದರೂ ಅದು ಮತ್ತೆ ಬರುತ್ತದೆ. ಆದ್ದರಿಂದ ಅದಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ಪ್ರಶ್ನೆ: ನಮ್ಮ ಓಣಿಯಲ್ಲಿ ಮೂರು ಸಲ ಬೈಕ್ ಕಳುವಾಯಿತು. ನಾಲ್ಕನೆಯ ಸಲ ಹುಡುಗರೇ ಕಳ್ಳನನ್ನು ಹಿಡಿದು, ಕಂಬಕ್ಕೆ ಕಟ್ಟಿ, ನಾಲ್ಕೇಟು ಹಾಕಿದರು. ಪೊಲೀಸರಿಗೆ ಕೊಟ್ಟರೆ ವಾರದಲ್ಲಿ ಜಾಮೀನಿನ ಮೇಲೆ ಬರುತ್ತಾನೆ. ಈಗ ಹುಡುಗರ ಮೇಲೆಯೇ ಕೇಸಾಗಿದೆ. ಇದು ಯಾವ ನ್ಯಾಯ? (ಹುಬ್ಬಳ್ಳಿ)

ಉತ್ತರ: ಹಿಡಿದದ್ದಕ್ಕೆ ಕೇಸಾಗಿಲ್ಲ, ಕಟ್ಟಿ ಹೊಡೆದದ್ದಕ್ಕೆ ಆಗಿದೆ. ಕಣ್ಣೆದುರು ಜಾಮೀನುರಹಿತ, ಸಂಜ್ಞೇಯ (ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದಾದ) ಅಪರಾಧ ಮಾಡಿದವನನ್ನು ಯಾವ ನಾಗರಿಕನಾದರೂ ಹಿಡಿಯಬಹುದು. ಆದರೆ ವಿನಾಕಾರಣ ತಡಮಾಡದೆ, ಆರು ಗಂಟೆಯೊಳಗೆ, ಪೊಲೀಸರಿಗೆ ಒಪ್ಪಿಸಬೇಕೆಂದು, ಹಳೆಯ ಸಿಆರ್‌ಪಿಸಿಯ ಜಾಗಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 40ನೆಯ ಕಲಮು ಹೇಳುತ್ತದೆ. ಹಿಡಿಯುವ ಹಕ್ಕಿನೊಳಗೆ ಹೊಡೆಯುವ ಹಕ್ಕು ಸೇರಿಲ್ಲ.

ಜಾಮೀನು ಸಿಕ್ಕರೆ ಬಿಡುಗಡೆಯಾದಂತೆ ಎಂಬ ತಪ್ಪು ತಿಳಿವಳಿಕೆಯನ್ನು ದಯವಿಟ್ಟು ಬಿಡಿ. ಜಾಮೀನಿನ ಮೇಲೆ ಬಂದವನ ವಿಚಾರಣೆ ಮುಗಿದಿರುವುದಿಲ್ಲ. ಆ ವಿಚಾರಣೆಯನ್ನು ಹಾಳು ಮಾಡುವುದು ನಿಮ್ಮ ನಾಲ್ಕೇಟು. ಹೊಡೆದು ಬಾಯಿ ಬಿಡಿಸಿದ ಮಾತು ಸಾಕ್ಷ್ಯವಾಗಿ ನಿಲ್ಲುವುದಿಲ್ಲ. ಹಿಡಿದವರೇ ಇನ್ನೊಂದು ಕೇಸಿನ ಆರೋಪಿಗಳಾದ ಮೇಲೆ, ಕಳ್ಳತನದ ಕೇಸಿನಲ್ಲಿ ಸಾಕ್ಷಿ ಹೇಳಲು ಅವರು ಕಟಕಟೆ ಹತ್ತುವುದಿಲ್ಲ. ಕಳ್ಳ ಬಿಡುಗಡೆಯಾಗುತ್ತಾನೆ, ಊರು ಪೊಲೀಸರನ್ನು ಬೈಯುತ್ತದೆ, ಮುಂದಿನ ಸಲ ಕಟ್ಟುವ ಹಗ್ಗ ಇನ್ನಷ್ಟು ಬಿಗಿಯಾಗುತ್ತದೆ.

ಪೊಲೀಸರು ದೂರು ದಾಖಲಿಸಲು ಸತಾಯಿಸುತ್ತಾರೆ, ವಿಚಾರಣೆ ವರ್ಷಗಟ್ಟಲೆ ಎಳೆಯುತ್ತದೆ ಎಂಬ ನಿಮ್ಮ ಸಿಟ್ಟು ಸುಳ್ಳಲ್ಲ. ಅದನ್ನು ನಾನು ದಿನವೂ ನೋಡುತ್ತೇನೆ. ಆದರೆ ಗುಂಪು ಕೈಯೆತ್ತುವುದಕ್ಕೆ ಅದೊಂದೇ ಕಾರಣವೆಂದು ನಾನು ಒಪ್ಪುವುದಿಲ್ಲ. ಊರಿನ ಬಲಾಢ್ಯನೊಬ್ಬ ಸಹಕಾರಿ ಸಂಘದ ಹಣ ನುಂಗಿದರೆ ಅವನನ್ನು ಯಾರೂ ಕಂಬಕ್ಕೆ ಕಟ್ಟುವುದಿಲ್ಲ. ಕಟ್ಟಿಸಿಕೊಳ್ಳುವವನು ಹೊರಗಿನವನು, ಬಡವ, ಪರವಾಗಿ ಬಂದು ನಿಲ್ಲುವವರಿಲ್ಲದವನು. ಹತ್ತು ಜನರ ನಡುವೆ ತನ್ನ ಏಟು ಲೆಕ್ಕಕ್ಕೆ ಬರುವುದಿಲ್ಲ ಎಂಬ ಧೈರ್ಯವೂ, ಊರ ಹಿರಿಯನೊಬ್ಬ ಸುಮ್ಮನೆ ನಿಂತಿದ್ದರೆ ಅದೇ ಒಪ್ಪಿಗೆಯೆಂಬ ಭಾವನೆಯೂ ಸೇರಿದಾಗ ಕೈ ಏಳುತ್ತದೆ.

ಗದಗ ಜಿಲ್ಲೆಯ ಹಳ್ಳಿಯೊಂದರ ಇಂಥ ಪ್ರಕರಣದಲ್ಲಿ ನಾನು ಒಬ್ಬ ಆರೋಪಿಯ ಪರ ವಕೀಲನಾಗಿದ್ದೆ. ಪಂಪ್‌ಸೆಟ್ಟಿನ ಕೇಬಲ್ ಕದಿಯಲು ಬಂದವನೆಂದು ನಸುಕಿನಲ್ಲಿ ಒಬ್ಬನನ್ನು ಹಿಡಿದು, ಗುಡಿಯ ಮುಂದಿನ ಬೇವಿನ ಮರಕ್ಕೆ ಎತ್ತಿನ ಹಗ್ಗದಿಂದ ಕಟ್ಟಿದ್ದರು. ಹೆಸರು ಕೇಳಿದರೆ ಹೇಳಲಿಲ್ಲವೆಂದು ಹೊಡೆದರು. ಅವನಿಗೆ ಕನ್ನಡ ಬರುತ್ತಿರಲಿಲ್ಲ. ಅಂಗಿಯ ಕಿಸೆಯಲ್ಲಿ ನಾಲ್ಕಾಗಿ ಮಡಚಿದ ಆಸ್ಪತ್ರೆಯ ಚೀಟಿಯಿತ್ತು, ಅದರಲ್ಲಿ ಮಾನಸಿಕ ಕಾಯಿಲೆಗೆ ಕೊಡುವ ಗುಳಿಗೆಗಳ ಹೆಸರಿದ್ದವು. ಪಂಚನಾಮೆಯವರೆಗೆ ಅದನ್ನು ಯಾರೂ ಬಿಡಿಸಿ ನೋಡಿರಲಿಲ್ಲ. ಅವನ ಕೈಮೂಳೆ ಮುರಿದಿತ್ತು, ಮೂಳೆ ಮುರಿದರೆ ಕಾನೂನಿನ ಪ್ರಕಾರ ಅದು ತೀವ್ರ ಗಾಯ. ನನ್ನ ಕಕ್ಷಿದಾರ ಇಪ್ಪತ್ತೊಂದರ ಹುಡುಗ, ತಾನು ವಿಡಿಯೋ ಮಾಡಿದ್ದೆನಷ್ಟೇ ಎಂದ. ಆ ಮೊಬೈಲೇ ಮುಖ್ಯ ಸಾಕ್ಷ್ಯವಾಯಿತು, ಅದರಲ್ಲಿ ‘ಇನ್ನೂ ಹಾಕ್ರಿ’ ಎಂಬ ಅವನ ಧ್ವನಿಯೇ ಇತ್ತು. ಜಾಮೀನಿಗೆಂದು ಹೊಲದ ಉತಾರ ಹಿಡಿದು ಬಂದ ಅವನ ತಂದೆ ದಿನವಿಡೀ ನ್ಯಾಯಾಲಯದ ಮೆಟ್ಟಿಲ ಮೇಲೆ ಕುಳಿತಿದ್ದರು. ವಿಚಾರಣೆಯ ದಿನ ಮುದ್ದೆಮಾಲಾಗಿ (ಕೇಸಿನ ವಸ್ತುಸಾಕ್ಷ್ಯವಾಗಿ) ಮೇಜಿನ ಮೇಲೆ ಬಂದ ಹಗ್ಗವನ್ನು ಗುರುತಿಸಿ ಹೇಳಬೇಕಾಗಿ ಬಂದದ್ದೂ ಅವರಿಗೇ. ಅದು ಅವರ ಕೊಟ್ಟಿಗೆಯದು.

ಒಂದೇ ಏಟು ಹೊಡೆದೆ ಎಂಬ ಸಮಜಾಯಿಷಿಯೂ ನಡೆಯುವುದಿಲ್ಲ. ಐದು ಅಥವಾ ಹೆಚ್ಚು ಜನ ಕಾನೂನುಬಾಹಿರವಾಗಿ ಕೂಡಿ ಒಂದೇ ಉದ್ದೇಶದಿಂದ ಅಪರಾಧ ಮಾಡಿದರೆ ಆ ಕೂಟದ ಪ್ರತಿಯೊಬ್ಬನೂ ಹೊಣೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ, ಅಂಥ ಗುಂಪು ಜಾತಿ, ಸಮುದಾಯ, ಜನ್ಮಸ್ಥಳ, ಭಾಷೆಯಂಥ ಕಾರಣಕ್ಕೆ ಕೊಂದರೆ ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಯಿದೆ. ತೀವ್ರ ಗಾಯ ಮಾಡಿದರೆ ಏಳು ವರ್ಷದವರೆಗೆ ಸೆರೆವಾಸ. ನಿಮ್ಮ ಹುಡುಗರು ಇಂದೇ ವಕೀಲರನ್ನು ಕಾಣಲಿ, ವಿಡಿಯೋ ಅಳಿಸಬಾರದು. ಅಳಿಸಿದರೆ ಸಾಕ್ಷ್ಯನಾಶದ ಆರೋಪವೂ ಸೇರುತ್ತದೆ.

ಪ್ರಶ್ನೆ: ಮಕ್ಕಳ ಕಳ್ಳರು ಬಂದಿದ್ದಾರೆಂಬ ವಾಟ್ಸ್‌ಆ್ಯಪ್ ಸಂದೇಶವನ್ನು ಊರಿಗೆ ತಿಳಿಸಬೇಡವೇ? (ಲಕ್ಷ್ಮೇಶ್ವರ)

ಉತ್ತರ: ಬೇಡ. 2018ರ ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳಿಗೆ ಚಾಕೊಲೇಟ್ ಕೊಟ್ಟವರನ್ನು ಇಂಥದೇ ಸಂದೇಶ ನಂಬಿ ಅಟ್ಟಿಸಿಕೊಂಡು ಹೋಗಿ, ಒಬ್ಬ ಯುವಕನನ್ನು ಹೊಡೆದು ಕೊಂದರು. ಬಿಡಿಸಲು ಹೋದ ಪೊಲೀಸರೂ ಗಾಯಗೊಂಡರು. ಅನುಮಾನವಿದ್ದರೆ 112ಕ್ಕೆ ಕರೆ ಮಾಡಿ.

ಪ್ರಶ್ನೆ: ಲಾಡ್ಜಿಗೆ ಬರುವ ಬೇರೆ ಬೇರೆ ಧರ್ಮದ ಜೋಡಿಗಳನ್ನು ನಮ್ಮ ಯುವಕರು ವಿಚಾರಿಸಬಹುದೇ? (ಹಾವೇರಿ)

ಉತ್ತರ: ಹಾವೇರಿಯಿಂದಲೇ ಈ ಪ್ರಶ್ನೆ ಬಂದದ್ದು ನನಗೆ ನೋವು ತಂದಿದೆ. 2024ರ ಜನವರಿಯಲ್ಲಿ ಹಾನಗಲ್ಲಿನ ಲಾಡ್ಜಿಗೆ ನುಗ್ಗಿದವರು ‘ವಿಚಾರಿಸಲು’ ಹೋದವರೇ. ಅಲ್ಲಿ ಜೋಡಿಯಾಗಿ ತಂಗಿದ್ದ ಮಹಿಳೆಯನ್ನು ಎಳೆದೊಯ್ದು ಸಾಮೂಹಿಕ ಅತ್ಯಾಚಾರ ಮಾಡಿದ ಆರೋಪ ಅವರ ಮೇಲಿದೆ. 2025ರ ಮೇನಲ್ಲಿ ಜಾಮೀನು ಪಡೆದ ಆರೋಪಿಗಳನ್ನು ಮೆರವಣಿಗೆಯಲ್ಲಿ ಕರೆತಂದರು. ವಯಸ್ಕರಿಬ್ಬರನ್ನು ಪ್ರಶ್ನಿಸುವ ಅಧಿಕಾರ ನಿಮ್ಮ ಯುವಕರಿಗಿಲ್ಲ.

ಪ್ರಶ್ನೆ: ಮಾನವ ಹಕ್ಕು ಸಂಘಟನೆಯೆಂದು ಹೇಳಿಕೊಂಡು ಬಂದವರು ಗುರುತಿನ ಚೀಟಿ ತೋರಿಸಿ ಅಂಗಡಿ ತಪಾಸಣೆ ಮಾಡಿ ‘ದಂಡ’ ಕೇಳುತ್ತಿದ್ದಾರೆ. (ಗದಗ)

ಉತ್ತರ: ಕೊಡಬೇಡಿ, ಸುಲಿಗೆಯೆಂದು ದೂರು ಕೊಡಿ. 1993ರ ಮಾನವ ಹಕ್ಕುಗಳ ರಕ್ಷಣಾ ಕಾಯ್ದೆಯಡಿ ಸ್ಥಾಪನೆಯಾದ ಮಾನವ ಹಕ್ಕು ಆಯೋಗಗಳು ಬೇರೆ, ಚೀಟಿ ಮುದ್ರಿಸಿಕೊಂಡು ತಿರುಗುವ ಈ ವಂಚಕರು ಬೇರೆ.

ಪ್ರಶ್ನೆ: ಗುಂಪು ಹೊಡೆಯುವುದನ್ನು ಕಣ್ಣಾರೆ ಕಂಡಿದ್ದೇನೆ. ಸಾಕ್ಷಿ ಹೇಳಲು ಭಯ. (ಧಾರವಾಡ)

ಉತ್ತರ: ಭಯ ಸಹಜ, ನಿಮ್ಮನ್ನು ದೂಷಿಸುವುದಿಲ್ಲ. ಆದರೆ ಗುಂಪೊಂದು ಪಬ್ಬಿಗೆ ನುಗ್ಗಿ ಯುವತಿಯರನ್ನು ಹೊಡೆದ 2009ರ ಮಂಗಳೂರು ಪಬ್ ದಾಳಿಯನ್ನು ದೇಶವೇ ಟಿವಿಯಲ್ಲಿ ನೋಡಿತ್ತು. 2018ರಲ್ಲಿ ಸಾಕ್ಷ್ಯ ಸಾಲದೆಂದು ಆರೋಪಿಗಳು ಖುಲಾಸೆಯಾದರು. ಇನ್ನೊಂದು ಕಡೆ, 2023ರ ಡಿಸೆಂಬರಿನಲ್ಲಿ ಬೆಳಗಾವಿ ತಾಲ್ಲೂಕಿನ ವಂಟಮುರಿಯಲ್ಲಿ ಮಹಿಳೆಯೊಬ್ಬರನ್ನು ವಿವಸ್ತ್ರಗೊಳಿಸಿ ಕಂಬಕ್ಕೆ ಕಟ್ಟಿದಾಗ, ಸುಮ್ಮನೆ ನೋಡುತ್ತ ನಿಂತವರ ಬಗ್ಗೆ ಹೈಕೋರ್ಟ್ ಕಟುವಾಗಿ ಮಾತನಾಡಿತು. ಸುಪ್ರೀಂ ಕೋರ್ಟ್ ಒಪ್ಪಿದ 2018ರ ಸಾಕ್ಷಿ ರಕ್ಷಣಾ ಯೋಜನೆಯಡಿ ನೀವು ಅರ್ಜಿ ಹಾಕಬಹುದು. ಅರ್ಜಿಯನ್ನು ತೀರ್ಮಾನಿಸುವ ಜಿಲ್ಲಾ ಸಮಿತಿಗೆ ಜಿಲ್ಲಾ ನ್ಯಾಯಾಧೀಶರು ಅಧ್ಯಕ್ಷರು. ಹೇಳಿಕೆ ಕೊಡುವ ಮೊದಲೇ ಅರ್ಜಿ ಹಾಕಿ, ಒಬ್ಬರೇ ಹೋಗಬೇಡಿ.