ಏರಿಗೊಂದು ಹೆಜ್ಜೆ, ಇಳಿಜಾರಿಗೊಂದು ಹೆಜ್ಜೆ

ಓಟದ ಅಂಕಣ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಏರುದಾರಿಯ ಓಟದ್ದೇ. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಐದಕ್ಕೆ ಉತ್ತರ ಕೊಟ್ಟಿದ್ದೇವೆ.

ಪ್ರ: ವಾರಕ್ಕೊಮ್ಮೆ ಚಾಮುಂಡಿ ಬೆಟ್ಟದ ರಸ್ತೆಯಲ್ಲಿ ಓಡುತ್ತೇನೆ. ಸಮತಟ್ಟಿನಲ್ಲಿ 10 ಕಿ.ಮೀ.ಗೆ 62 ನಿಮಿಷ ಸಾಕು. ಬೆಟ್ಟದಲ್ಲಿ ಮಾತ್ರ ಎರಡು ಕಿ.ಮೀ. ಆಗುವಷ್ಟರಲ್ಲಿ ಏದುಸಿರು ಬರುತ್ತದೆ, ಮನೆಗೆ ಬಂದ ಮೇಲೆ ಸೊಂಟ ಹಿಡಿದುಕೊಳ್ಳುತ್ತದೆ. ರಸ್ತೆ ಬಿಟ್ಟು ಮೆಟ್ಟಿಲಲ್ಲಿ ಓಡಿದರೆ ಹೇಗೆ?
– ಓದುಗರು, ಮೈಸೂರು

ಉ: ಏದುಸಿರಿಗೂ ಸೊಂಟನೋವಿಗೂ ಕಾರಣ ಬೇರೆ ಬೇರೆ. ಮೊದಲನೆಯದಕ್ಕೆ ನಿಮ್ಮ ವಾಚೇ ಕಾರಣವಿರಬೇಕು. 62 ನಿಮಿಷ ಎಂದರೆ ಕಿ.ಮೀ.ಗೆ 6 ನಿಮಿಷ 12 ಸೆಕೆಂಡು. 100 ಮೀಟರ್ ಸಾಗುವಷ್ಟರಲ್ಲಿ 5 ಮೀಟರ್ ಮೇಲೇರುವ ರಸ್ತೆಯಲ್ಲಿ, ಅಂದರೆ 5% ಏರಿನಲ್ಲಿ, ಅಷ್ಟೇ ಶ್ರಮಕ್ಕೆ ಕಿ.ಮೀ.ಗೆ ಒಂದರಿಂದ ಒಂದೂವರೆ ನಿಮಿಷ ಹೆಚ್ಚು ಹಿಡಿಯುವುದು ಸಹಜ. ಸಮತಟ್ಟಿನ ಪೇಸನ್ನೇ (ಕಿ.ಮೀ.ಗೆ ಹಿಡಿಯುವ ಸಮಯ) ಬೆಟ್ಟದ ಮೇಲೂ ಎಳೆದುಕೊಂಡು ಹೋದರೆ ಅದು ರೇಸಿನ ಕೊನೆಯ ಕಿ.ಮೀ. ಓಡಿದ ಹಾಗೆ. ಬೆಟ್ಟದ ಬುಡದಲ್ಲೇ ವಾಚಿನ ಪೇಸ್ ಪುಟ ಬದಲಿಸಿಬಿಡಿ. ಮೊದಲ ಹತ್ತು ನಿಮಿಷ ಪಕ್ಕದವರೊಡನೆ ನಾಲ್ಕೈದು ಪದದ ವಾಕ್ಯ ಆಡಲು ಆಗುತ್ತಿರಬೇಕು. ಆಗದಿದ್ದರೆ ಒಂದು ನಿಮಿಷ ಚುರುಕಾಗಿ ನಡೆಯಿರಿ. ನಡೆದರೆ ಮರ್ಯಾದೆ ಹೋಗುವುದಿಲ್ಲ. ತುಂಬಾ ಕಡಿದಾದ ಕಡೆ ಅನುಭವಿಗಳೂ ನಡೆದೇ ಹತ್ತುತ್ತಾರೆ.

ಇನ್ನು ಸೊಂಟ. ದಣಿದಾಗ ಬಾವಿಗೆ ಬಗ್ಗಿ ನೋಡುವವರಂತೆ ನಡುವಿನಿಂದ ಬಾಗಿ ಓಡುವವರೇ ಹೆಚ್ಚು. ಹಾಗೆ ಬಾಗಿದಾಗ ಮುಂಡದ ಭಾರವೆಲ್ಲ ಬೆನ್ನಿನ ಕೆಳಗಿನ ಸ್ನಾಯುಗಳ ಮೇಲೆ ಬೀಳುತ್ತದೆ, ಹೊಟ್ಟೆ ಮಡಚಿಕೊಂಡು ಉಸಿರಿಗೆ ಜಾಗ ಕಡಿಮೆಯಾಗುತ್ತದೆ, ನೆಲವನ್ನು ಹಿಂದಕ್ಕೆ ತಳ್ಳಬೇಕಾದ ಪೃಷ್ಠದ ಸ್ನಾಯುಗಳು ಅರ್ಧ ಕೆಲಸಕ್ಕೇ ನಿಂತುಬಿಡುತ್ತವೆ. ಬಾಗಬೇಕಾದ್ದು ಕಣಕಾಲಿನಿಂದ. ಇದನ್ನು ಮನೆಯಲ್ಲೇ ಕಲಿಯಬಹುದು. ಪಾದ ಜೋಡಿಸಿ ನೆಟ್ಟಗೆ ನಿಲ್ಲಿ, ಸೊಂಟ ಮಡಚದೆ ಹಲಗೆಯಂತೆ ಇಡೀ ಮೈಯನ್ನು ಮುಂದಕ್ಕೆ ವಾಲಿಸಿ. ಇನ್ನೇನು ಬೀಳುತ್ತೇನೆ ಎನ್ನುವಾಗ ಒಂದು ಕಾಲು ತಾನಾಗಿ ಮುಂದೆ ಬರುತ್ತದಲ್ಲ, ಅದಕ್ಕೆ ಸ್ವಲ್ಪ ಮೊದಲಿನ ವಾಲು ಏರಿಗೆ ಸಾಕು. ಐದು ಸಲ ಹೀಗೆ ವಾಲಿ, ಐದನೇ ಸಲ ಹಾಗೆಯೇ ಓಡಲು ಶುರುಮಾಡಿ.

ಉಳಿದದ್ದು ಚಿಕ್ಕ ವಿಷಯ. ಹೆಜ್ಜೆ ಗಿಡ್ಡವಾಗಲಿ, ಆದರೆ ನಿಮಿಷಕ್ಕೆ ಇಡುವ ಹೆಜ್ಜೆಗಳ ಸಂಖ್ಯೆ ಬೀಳದಿರಲಿ. ನೋಟ ಹತ್ತು ಹದಿನೈದು ಮೀಟರ್ ಮುಂದಿರಲಿ, ಶೂ ತುದಿ ನೋಡಿದರೆ ಕತ್ತಿನ ಜತೆಗೆ ಬೆನ್ನೂ ಬಾಗುತ್ತದೆ. ಮೊಣಕೈಯನ್ನು ಹಿಂದಕ್ಕೆ ಬೀಸಿ. ಕೈ ನಿಧಾನವಾದರೆ ಕಾಲೂ ನಿಧಾನವಾಗುತ್ತದೆ.

ಮೆಟ್ಟಿಲ ವಿಷಯಕ್ಕೆ ಬಂದರೆ, ಸಾವಿರಕ್ಕೂ ಹೆಚ್ಚಿರುವ ಆ ಕಲ್ಲುಮೆಟ್ಟಿಲುಗಳ ಎತ್ತರ ಒಂದೇ ಸಮ ಇಲ್ಲ. ಅಲ್ಲಿ ಹೆಜ್ಜೆಯ ಉದ್ದವನ್ನು ನಿಶ್ಚಯಿಸುವುದು ಮೆಟ್ಟಿಲು, ನೀವಲ್ಲ. ತೊಡೆಗೆ ಬಲ ಬರುತ್ತದೆ, ಓಟದ ಭಂಗಿ ಬರುವುದಿಲ್ಲ. ತಿಂಗಳಿಗೆರಡು ಸಲ ನಡೆದು ಹತ್ತಿ. ಓಡುತ್ತ ಇಳಿಯುವುದಂತೂ ಬೇಡ, ಭಕ್ತರಿಗೂ ತೊಂದರೆ, ನಿಮಗೂ.

ಪ್ರ: ನಮ್ಮ ಬಡಾವಣೆಯಲ್ಲಿ ಬೆಟ್ಟ ಎಲ್ಲಿಂದ ಬರಬೇಕು? ಫ್ಲೈಓವರ್ ಮೇಲೆ ಓಡಬಹುದೇ? ಎರಡು ತಿಂಗಳಲ್ಲಿ 10ಕೆ ಓಟವಿದೆ.
– ಓದುಗರು, ಬೆಂಗಳೂರು

ಉ: ಫ್ಲೈಓವರ್ ಬೇಡ. ಕಾಲುದಾರಿ ಇರುವುದಿಲ್ಲ, ಏರು ಮುಗಿದ ಕಡೆಯಿಂದ ಬರುವ ಗಾಡಿಗೆ ನೀವು ಕಾಣುವುದೂ ಇಲ್ಲ. ಬೆಂಗಳೂರೇನು ಸಪಾಟಾದ ಊರಲ್ಲ, ಕೆರೆಯ ತಗ್ಗಿನಿಂದ ಮೇಲಕ್ಕೆ ಹತ್ತುವ ಬಡಾವಣೆ ರಸ್ತೆಗಳು ಬೇಕಾದಷ್ಟಿವೆ. 150ರಿಂದ 300 ಮೀಟರ್ ಉದ್ದದ, 4ರಿಂದ 6% ಏರಿನ ಒಂದು ರಸ್ತೆ ಸಿಕ್ಕರೆ ಸಾಕು. ಅಳೆಯುವುದು ಸುಲಭ. ಉದ್ದನೆಯ ನೆಟ್ಟಗಿನ ಹಲಗೆಯೊಂದನ್ನು ರಸ್ತೆ ಮೇಲಿಟ್ಟು, ಅದರ ಮೇಲೆ ಫೋನಿನ ಲೆವೆಲ್ ಆ್ಯಪ್ ತೆರೆದು ನೋಡಿ. 3 ಡಿಗ್ರಿ ತೋರಿಸಿದರೆ ಸುಮಾರು 5%. ಮೂರು ಕಡೆ ಇಟ್ಟು ಸರಾಸರಿ ತೆಗೆಯಿರಿ. ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ಇಳಿಜಾರು ತೀರಾ ಕಡಿದು, ನುಣುಪು ಬೇರೆ. ಟ್ರೆಡ್‌ಮಿಲ್ ಆದೀತು, ಆದರೆ ಕಂಬಿ ಹಿಡಿದರೆ ಏರಿನ ಲಾಭ ಅರ್ಧ ಹೋಯಿತು.

ವಾರಕ್ಕೆ ಒಂದೇ ದಿನ ಏರು. ಅದು ಈಗಿರುವ ಜೋರಿನ ಓಟದ ಬದಲಿಗೆ, ಅದರ ಜತೆಗಲ್ಲ. ಮೊದಲು 15 ನಿಮಿಷ ಹಗುರ ಓಟ, ನಂತರ 80 ಮೀಟರ್‌ನ ನಾಲ್ಕು ಚುರುಕು ಓಟ. 1–2ನೇ ವಾರ 20 ಸೆಕೆಂಡಿನ 6 ಏರು, ನಡೆದು ಇಳಿಯಿರಿ. 3–4ನೇ ವಾರ 45 ಸೆಕೆಂಡಿನ 6, ಮೆಲ್ಲಗೆ ಓಡುತ್ತ ಇಳಿಯಿರಿ. 5ರಿಂದ 7ನೇ ವಾರ 90 ಸೆಕೆಂಡಿನ 5, ನಡುವೆ ಎರಡೂವರೆ ನಿಮಿಷ ಇಳಿತ. ಓಟಕ್ಕೆ ಹತ್ತು ದಿನ ಇರುವಾಗ ಏರು ನಿಲ್ಲಿಸಿ.

ಎಷ್ಟು ಜೋರು ಎಂದು ತಿಳಿಯಲು ಒಂದು ಸೀಮೆಸುಣ್ಣ ಸಾಕು. ಮೊದಲ ಸಲ ಗಡುವು ಮುಗಿದಾಗ ಎಲ್ಲಿದ್ದಿರೋ ಅಲ್ಲಿ ಗೆರೆ ಎಳೆಯಿರಿ. ಕೊನೆಯ ಸಲವೂ ಅದೇ ಗೆರೆ ಮುಟ್ಟಬೇಕು. ಐದು ಹೆಜ್ಜೆಗಿಂತ ಹಿಂದೆ ಬಿದ್ದರೆ ಶುರುವಿನಲ್ಲೇ ಅವಸರ ಮಾಡಿದ್ದೀರಿ, ಅವತ್ತಿಗೆ ಅಷ್ಟೇ ಸಾಕು, ಮನೆಗೆ ಹೋಗಿ. 20, 45 ಸೆಕೆಂಡಿನ ಓಟಗಳಲ್ಲಿ ಹೃದಯಬಡಿತದ ಅಂಕಿ ನಂಬಬೇಡಿ. ಅದು ಏರುವಷ್ಟರಲ್ಲಿ ನಿಮ್ಮ ಓಟವೇ ಮುಗಿದಿರುತ್ತದೆ.

ಪ್ರ: ಏರು ಪರವಾಗಿಲ್ಲ. ಇಳಿದ ಮೇಲೆ ಎರಡು ದಿನ ತೊಡೆ ಮುಟ್ಟಲಾಗುವುದಿಲ್ಲ, ಮಂಡಿಯ ಮುಂಭಾಗವೂ ನೋಯುತ್ತದೆ. ಇಳಿಜಾರು ಸುಲಭವಾಗಬೇಕಲ್ಲವೇ?
– ಓದುಗರು, ಮಡಿಕೇರಿ

ಉ: ಉಸಿರಿಗೆ ಸುಲಭ, ಸ್ನಾಯುವಿಗೆ ಅಲ್ಲ. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಬಿಗಿಯಾಗಿರುವಾಗಲೇ ಉದ್ದವಾಗುತ್ತ ಬ್ರೇಕ್ ಹಾಕಬೇಕು. ಅದರಿಂದ ಸ್ನಾಯುವಿನ ಎಳೆಗಳಿಗೆ ಸೂಕ್ಷ್ಮ ಪೆಟ್ಟಾಗುತ್ತದೆ, ನೋವು ಮಾರನೇ ದಿನಕ್ಕಿಂತ ಎರಡನೇ ದಿನ ಹೆಚ್ಚಾಗುವುದೂ ಅದಕ್ಕೇ. ಸಮಾಧಾನದ ಸಂಗತಿ ಏನೆಂದರೆ, ಸ್ನಾಯು ಬೇಗ ಕಲಿಯುತ್ತದೆ. ಒಮ್ಮೆ ಮಿತವಾಗಿ ಇಳಿದರೆ ಕೆಲವು ವಾರಗಳವರೆಗೆ ಅದೇ ಇಳಿಜಾರು ಅಷ್ಟು ನೋಯಿಸುವುದಿಲ್ಲ. ಆದ್ದರಿಂದ 2ರಿಂದ 4% ಇಳಿಜಾರಿನಲ್ಲಿ 100 ಮೀಟರ್‌ನ ನಾಲ್ಕು ಓಟದಿಂದ ಶುರುಮಾಡಿ, ಹತ್ತು ದಿನಕ್ಕೊಮ್ಮೆ ಎರಡೆರಡು ಸೇರಿಸುತ್ತ ಹೋಗಿ.

ಮಂಡಿನೋವಿಗೆ ಸಾಮಾನ್ಯ ಕಾರಣ ಹೆದರಿಕೆ. ಜಾರುತ್ತೇನೆಂದು ಹಿಂದಕ್ಕೆ ವಾಲಿ, ಕಾಲು ಮುಂದೆ ಚಾಚಿ, ಹಿಮ್ಮಡಿ ಊರಿ ನಿಲ್ಲಿಸಲು ಹೋಗುತ್ತೇವೆ. ನೆಲದ ಹೊಡೆತ ನೆಟ್ಟಗಿರುವ ಮಂಡಿಗೇ ಬೀಳುತ್ತದೆ. ಬೆನ್ನನ್ನು ಇಳಿಜಾರಿಗೆ ಲಂಬವಾಗಿಡಿ, ಮಂಡಿ ಸ್ವಲ್ಪ ಮಡಚಿರಲಿ, ಪಾದ ಸೊಂಟದ ಕೆಳಗೇ ಬೀಳಲಿ, ಹೆಜ್ಜೆ ಚಿಕ್ಕದಾಗಿ ಬೇಗಬೇಗ ಬರಲಿ. ಕಿವಿಗೊಟ್ಟು ಕೇಳಿ: 'ಟಪ್ ಟಪ್' ಎಂದು ದೊಡ್ಡ ಸದ್ದು ಬಂದರೆ ಬ್ರೇಕ್ ಹಾಕುತ್ತಿದ್ದೀರಿ ಎಂದರ್ಥ. ಕೈ ಬದಿಗೆ ಕೊಂಚ ಅಗಲವಾದರೆ ಅಡ್ಡಿಯಿಲ್ಲ, ಸಮತೋಲಕ್ಕೆ ಒಳ್ಳೆಯದೇ. ಮಳೆಗಾಲದಲ್ಲಿ ನಿಮ್ಮೂರಿನ ರಸ್ತೆ ಅಂಚಿನ ಪಾಚಿಯ ಮೇಲೆ ಈ ಅಭ್ಯಾಸ ಬೇಡ. ಶೂ ಮುಂದೆ ಹೆಬ್ಬೆರಳಗಲ ಜಾಗವಿರಲಿ, ಲೇಸನ್ನು ಮೇಲಿನ ಕೊನೆಯ ರಂಧ್ರದವರೆಗೂ ಕಟ್ಟಿ, ಇಲ್ಲದಿದ್ದರೆ ಉಗುರು ಕಪ್ಪಾಗುತ್ತದೆ. ಮಂಡಿಚಿಪ್ಪಿನ ಸುತ್ತ ನೋವು ವಾರವಾದರೂ ಇಳಿಯದಿದ್ದರೆ, ಊತವಿದ್ದರೆ, ಫಿಸಿಯೋಥೆರಪಿಸ್ಟರಿಗೆ ತೋರಿಸಿ.

ಪ್ರ: ಜಿಂಕೆಯಂತೆ ನೆಗೆಯುತ್ತ ಏರು ಹತ್ತುವ ವಿಡಿಯೊ ನೋಡಿದೆ. ನಾನೂ ಮಾಡಲೇ?
– ಓದುಗರು, ಧಾರವಾಡ

ಉ: ಆ ಬಗೆಯ ತಾಲೀಮಿಗೆ ಹೆಸರು ತಂದವರು ನ್ಯೂಜಿಲೆಂಡಿನ ತರಬೇತುದಾರ ಆರ್ಥರ್ ಲಿಡಿಯಾರ್ಡ್. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಅವರ ಶಿಷ್ಯರಾದ ಪೀಟರ್ ಸ್ನೆಲ್ 800 ಮೀಟರ್‌ನಲ್ಲೂ ಮರ್ರೆ ಹಾಲ್ಬರ್ಗ್ 5,000 ಮೀಟರ್‌ನಲ್ಲೂ ಒಂದೇ ದಿನ ಚಿನ್ನ ಗೆದ್ದರು. ವಿಡಿಯೊದಲ್ಲಿ ಕಾಣದ ಭಾಗ ಇದು: ಅವರು ವಾರಕ್ಕೆ ಸುಮಾರು 160 ಕಿ.ಮೀ.ಯಂತೆ ತಿಂಗಳುಗಟ್ಟಲೆ ಓಡಿ, ಆಮೇಲೆ ಏರಿಗೆ ಬರುತ್ತಿದ್ದರು. ನೀವು ವಾರಕ್ಕೆ 25 ಕಿ.ಮೀ. ಓಡುವವರಾದರೆ ಮೊದಲು ಮೇಲೆ ಹೇಳಿದ ಏಳು ವಾರ ಮುಗಿಸಿ.

ಪ್ರ: ನೃಪತುಂಗ ಬೆಟ್ಟದಲ್ಲಿ ಓಡಿದ ಮರುದಿನ ಮೀನಖಂಡ ಕಲ್ಲಿನಂತಾಗುತ್ತದೆ.
– ಓದುಗರು, ಹುಬ್ಬಳ್ಳಿ

ಉ: ಏರಿನುದ್ದಕ್ಕೂ ತುದಿಗಾಲಲ್ಲೇ ಓಡುತ್ತಿರಬಹುದು. ಹಿಮ್ಮಡಿ ಪ್ರತಿ ಹೆಜ್ಜೆಗೂ ನೆಲಕ್ಕೆ ತಾಕಲಿ, ಒತ್ತಬೇಕಿಲ್ಲ. ಇತ್ತೀಚೆಗೆ ಹಿಮ್ಮಡಿ ತಗ್ಗಿನ ಶೂ ಕೊಂಡಿದ್ದರೆ ಏರಿನ ದಿನ ಹಳೆಯದನ್ನೇ ಹಾಕಿ. ಮೆಟ್ಟಿಲಂಚಿನಲ್ಲಿ ಮುಂಗಾಲೂರಿ ನಿಂತು ಎರಡೂ ಕಾಲಲ್ಲಿ ಮೇಲೆದ್ದು, ಒಂದೇ ಕಾಲಲ್ಲಿ ಮೂರು ಎಣಿಸುತ್ತ ಹಿಮ್ಮಡಿ ಇಳಿಸಿ. ಕಾಲಿಗೆ 15ರಂತೆ ಮೂರು ಸರತಿ, ದಿನ ಬಿಟ್ಟು ದಿನ. ಮೀನಖಂಡವನ್ನು ಹಿಮ್ಮಡಿಗೆ ಜೋಡಿಸುವ ದಪ್ಪ ಸ್ನಾಯುರಜ್ಜುವನ್ನು ಎರಡು ಬೆರಳಲ್ಲಿ ಹಿಂಡಿದಾಗ ನೋವಾದರೆ ವಿಷಯ ಬೇರೆ: ಎರಡು ವಾರ ಏರು ಬಿಟ್ಟು ಸಮತಟ್ಟಿನಲ್ಲಿ ಮೆಲ್ಲಗೆ ಓಡಿ. ಬೆಳಗ್ಗೆ ಎದ್ದು ಇಡುವ ಮೊದಲ ಹೆಜ್ಜೆಗಳಲ್ಲಿ ಆ ನೋವು ಆಮೇಲೂ ಉಳಿದಿದ್ದರೆ ವೈದ್ಯರಿಗೆ ತೋರಿಸಿ.