ಡ್ರಾಫ್ಟ್‌ಗೆ ಮೊದಲು ತಾಲೀಮು: ಫ್ಯಾಂಟಸಿ ಫುಟ್‌ಬಾಲ್ ಬಗ್ಗೆ ಓದುಗರ ಪ್ರಶ್ನೆಗಳು

ಆಗಸ್ಟ್ ಮುಗಿಯುತ್ತ ಬಂದ ಹಾಗೆ ಅಮೆರಿಕದ ಆಫೀಸುಗಳಲ್ಲಿ ಎನ್‌ಎಫ್‌ಎಲ್ ಫ್ಯಾಂಟಸಿ ಲೀಗ್‌ಗಳ ಗದ್ದಲ ಶುರುವಾಗುತ್ತದೆ. ಅಲ್ಲಿರುವ ಕನ್ನಡಿಗರೂ ಅಲ್ಲಿನ ಟೀಮಿನ ಜತೆ ಕೆಲಸ ಮಾಡುವ ಬೆಂಗಳೂರಿನವರೂ ಬರೆದ ಪತ್ರಗಳಲ್ಲಿ ಕೆಲವನ್ನು ಆರಿಸಿದ್ದೇವೆ. ಇಲ್ಲಿ ಫುಟ್‌ಬಾಲ್ ಎಂದರೆ ಅಮೆರಿಕನ್ ಫುಟ್‌ಬಾಲ್, ಎನ್‌ಎಫ್‌ಎಲ್ ಎಂದರೆ ಅದರ ವೃತ್ತಿಪರ ಲೀಗ್. ಅಲ್ಲಿನ ನಿಜವಾದ ಆಟಗಾರರನ್ನು ಆರಿಸಿ ನಿಮ್ಮದೇ ತಂಡ ಕಟ್ಟಿ, ಮೈದಾನದಲ್ಲಿ ಅವರು ಆಡಿದ್ದಕ್ಕೆ ಅಂಕ ಪಡೆಯುವುದು ಫ್ಯಾಂಟಸಿ. ಋತುವಿಗೆ ಮುಂಚೆ ಸರದಿಯಂತೆ ಆಟಗಾರರನ್ನು ಆರಿಸುವುದು ಡ್ರಾಫ್ಟ್, ಅದರ ತಾಲೀಮು ಮಾಕ್ ಡ್ರಾಫ್ಟ್.

ಪ್ರ: ಆಫೀಸಿನ ಅಮೆರಿಕದ ಸಹೋದ್ಯೋಗಿಗಳು ತಮ್ಮ ಲೀಗ್‌ಗೆ ನನ್ನನ್ನೂ ಸೇರಿಸಿದ್ದಾರೆ. ಕ್ರಿಕೆಟ್ ಫ್ಯಾಂಟಸಿ ಆಡಿ ಅಭ್ಯಾಸವಿದೆ. ಅದಕ್ಕೂ ಇದಕ್ಕೂ ಏನು ವ್ಯತ್ಯಾಸ? ಮಾಕ್ ಡ್ರಾಫ್ಟ್ ನಿಜವಾಗಿ ಬೇಕೆ? (ಮಾರತ್ತಹಳ್ಳಿ, ಬೆಂಗಳೂರು)

ಉ: ನೀವು ಆಡಿರುವ ಕ್ರಿಕೆಟ್ ಫ್ಯಾಂಟಸಿಯಲ್ಲಿ ಒಬ್ಬನೇ ಆಟಗಾರ ಲಕ್ಷ ಜನರ ತಂಡದಲ್ಲಿರಬಹುದು. ಇಲ್ಲಿ ಒಬ್ಬ ಆಟಗಾರನಿಗೆ ಲೀಗ್‌ನಲ್ಲಿ ಒಬ್ಬನೇ ಯಜಮಾನ. ಬೇರೆಯವರು ತೆಗೆದುಕೊಂಡರೆ ಮುಗಿಯಿತು. ಹೆಚ್ಚಿನ ಲೀಗ್‌ಗಳಲ್ಲಿ ನಡೆಯುವುದು ಸ್ನೇಕ್ ಡ್ರಾಫ್ಟ್. ಪಂಕ್ತಿಯಲ್ಲಿ ಬಡಿಸುವವರು ಈ ತುದಿಯಿಂದ ಆ ತುದಿಗೆ ಹೋಗಿ ಅಲ್ಲಿಂದಲೇ ತಿರುಗಿ ಬಂದ ಹಾಗೆ ಪಾಳಿ ಬರುತ್ತದೆ. 12 ತಂಡಗಳಿದ್ದರೆ ಒಂದನೇ ಪಾಳಿಯವರಿಗೆ 1, 24, 25, 48, 49ನೇ ಆಯ್ಕೆಗಳು. ಕೊನೆಯವರಿಗೆ 12, 13, 36, 37.

ಸಾಮಾನ್ಯವಾಗಿ ಕಣಕ್ಕಿಳಿಯುವವರು ಒಂಬತ್ತು: ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆಯುವವನು) 1, ರನ್ನಿಂಗ್ ಬ್ಯಾಕ್ (ಚೆಂಡು ಹಿಡಿದು ಓಡುವವನು) 2, ವೈಡ್ ರಿಸೀವರ್ (ಎಸೆತ ಹಿಡಿಯುವವನು) 2, ಟೈಟ್ ಎಂಡ್ (ಎದುರಾಳಿಯನ್ನು ತಡೆಯುವ ಜತೆಗೆ ಎಸೆತವನ್ನೂ ಹಿಡಿಯುವವನು) 1, ಫ್ಲೆಕ್ಸ್ 1 (ರನ್ನಿಂಗ್ ಬ್ಯಾಕ್, ರಿಸೀವರ್, ಟೈಟ್ ಎಂಡ್ ಯಾರಾದರೂ ಸರಿ), ಕಿಕ್ಕರ್ 1, ಡಿಫೆನ್ಸ್ (ಒಂದು ತಂಡದ ಇಡೀ ರಕ್ಷಣಾ ಪಡೆ) 1. ಬೆಂಚಿಗೆ ಆರೇಳು ಮಂದಿ. ಒಟ್ಟು 15–16 ಸುತ್ತು, ಪ್ರತಿ ಪಾಳಿಗೆ ಸಾಮಾನ್ಯವಾಗಿ ಒಂದೂವರೆ ನಿಮಿಷ.

ತಾಲೀಮು ಖಂಡಿತ ಬೇಕು. ಆದರೆ ಇಂಥವನು ನನಗೆ ಸಿಗುತ್ತಾನೆ ಎಂದು ತಂಡವನ್ನು ಬಾಯಿಪಾಠ ಮಾಡುವುದಕ್ಕಲ್ಲ. ನಿಮ್ಮ ಪಾಳಿಯಲ್ಲಿ ಕೂತವರಿಗೆ ಯಾವ ಸುತ್ತಿನಲ್ಲಿ ಯಾವ ಸ್ಥಾನ ಬತ್ತಿಹೋಗುತ್ತದೆ ಎನ್ನುವುದು ಕಣ್ಣಿಗೆ ಕೂರಬೇಕು, ಅದಕ್ಕೆ. ಎಂಟು–ಹತ್ತು ತಾಲೀಮು ಸಾಕು. ನಿಮ್ಮ ಲೀಗ್ ಇಎಸ್‌ಪಿಎನ್ ತಾಣದಲ್ಲಿದ್ದರೆ ಇಎಸ್‌ಪಿಎನ್‌ನಲ್ಲೇ, ಸ್ಲೀಪರ್‌ನಲ್ಲಿದ್ದರೆ ಸ್ಲೀಪರ್‌ನಲ್ಲೇ ಮಾಡಿ. ಅವಸರದಲ್ಲಿ ಜನ ಪರದೆಯ ಮೇಲಿನ ಪಟ್ಟಿಯಲ್ಲಿ ಮೇಲಿರುವವನನ್ನೇ ಒತ್ತುತ್ತಾರೆ, ಆ ಪಟ್ಟಿ ಒಂದೊಂದು ತಾಣದಲ್ಲಿ ಒಂದೊಂದು ಥರ. ತಂಡಗಳ ಸಂಖ್ಯೆ, ಅಂಕ ಕೊಡುವ ರೀತಿ, ಬೆಂಚಿನ ಉದ್ದ ಮೂರನ್ನೂ ನಿಮ್ಮ ಲೀಗ್‌ನಲ್ಲಿ ಇರುವಂತೆಯೇ ಹೊಂದಿಸಿ. ಹತ್ತು ತಂಡಗಳ ಮಾಕ್ ಮಾಡಿ ಹನ್ನೆರಡರ ಲೀಗ್‌ಗೆ ಹೋದರೆ ಆರನೇ ಸುತ್ತಿನ ಹೊತ್ತಿಗೇ ಹನ್ನೆರಡು ಆಯ್ಕೆಗಳ ವ್ಯತ್ಯಾಸ ಬಿದ್ದಿರುತ್ತದೆ.

ಪಾಳಿ ಗೊತ್ತಾಗುವ ಮೊದಲು 1, 6, 12 ಈ ಮೂರು ಜಾಗಗಳಿಂದ ಒಂದೊಂದು ಮಾಡಿ. ಗೊತ್ತಾದ ಮೇಲೆ ಉಳಿದವೆಲ್ಲ ಅದೇ ಜಾಗದಿಂದ. ನೋಟ್‌ಬುಕ್ಕಿನಲ್ಲಿ ಬರೆದಿಡಬೇಕಾದ್ದು ನಿಮ್ಮ ತಂಡವನ್ನಲ್ಲ. 3, 6, 9ನೇ ಸುತ್ತಿನ ನಿಮ್ಮ ಪಾಳಿಗೆ ಪ್ರತಿ ಸ್ಥಾನದಲ್ಲಿ ಉಳಿದಿದ್ದ ಅತ್ಯುತ್ತಮ ಆಟಗಾರ ಯಾರು ಎಂಬುದನ್ನು. ಐದು ತಾಲೀಮು ಮುಗಿದಾಗ ಆರನೇ ಸುತ್ತಿನ ಸಾಲಿನಲ್ಲಿ ರಿಸೀವರ್‌ಗಳ ಹೆಸರು ಚೆನ್ನಾಗಿದ್ದು ರನ್ನಿಂಗ್ ಬ್ಯಾಕ್‌ಗಳದು ಸಪ್ಪೆಯಾಗಿದ್ದರೆ, ಮೊದಲು ಏನು ಕೊಳ್ಳಬೇಕೆಂದು ಪುಸ್ತಕವೇ ಹೇಳುತ್ತದೆ. ಒಂದು ತಾಲೀಮಿನಲ್ಲಿ ಬೇಕೆಂದೇ ತಪ್ಪು ಮಾಡಿ: ಎರಡನೇ ಸುತ್ತಿಗೇ ಕ್ವಾರ್ಟರ್‌ಬ್ಯಾಕ್ ತೆಗೆದುಕೊಂಡು, ಆಮೇಲೆ ಎಲ್ಲಿ ತೂತು ಬೀಳುತ್ತದೆ ನೋಡಿ.

ಪ್ರ: ನಮ್ಮ ಯಜಮಾನರೂ ನಾನೂ ಒಂದೇ ಲೀಗ್‌ನಲ್ಲಿದ್ದೇವೆ. 12 ತಂಡ. ಅವರದು ಎರಡನೇ ಪಾಳಿ, ನನ್ನದು ಮೂರನೆಯದು. ಎರಡನೇ ಸುತ್ತಿನಲ್ಲಿ ಪ್ರತಿ ಸಲವೂ ಗೊಂದಲ: ರನ್ನಿಂಗ್ ಬ್ಯಾಕೋ ರಿಸೀವರೋ? (ಪ್ಲೇನೊ, ಟೆಕ್ಸಸ್)

ಉ: ನಿಮ್ಮ ಆಯ್ಕೆಗಳು 3, 22, 27, 46, 51, 70, 75. ಈ ಅಂಕಿಗಳನ್ನೊಮ್ಮೆ ದಿಟ್ಟಿಸಿ ನೋಡಿ. 3ರಿಂದ 22ಕ್ಕೆ ಹೋಗುವಷ್ಟರಲ್ಲಿ 18 ಆಟಗಾರರು ಹೋಗಿರುತ್ತಾರೆ. 22ರಿಂದ 27ಕ್ಕೆ ಬರೀ ನಾಲ್ವರು. ಆ ನಾಲ್ಕು ಯಾರದು? 23 ನಿಮ್ಮ ಯಜಮಾನರದು, 24 ಮತ್ತು 25 ಒಂದನೇ ಪಾಳಿಯವರದು, 26 ಮತ್ತೆ ಯಜಮಾನರದು. ಅಂದರೆ 22ರಲ್ಲಿ ನಿಮ್ಮ ನಿರ್ಧಾರಕ್ಕೆ ಬೇಕಾದ್ದು ಎರಡೇ ತಂಡಗಳ ಸ್ಥಿತಿ.

ಡ್ರಾಫ್ಟ್‌ಗೆ ಮೊದಲು ಪ್ರತಿ ಸ್ಥಾನದ ಆಟಗಾರರನ್ನು ದರ್ಜೆಗಳಾಗಿ ಗೆರೆ ಎಳೆದು ಇಟ್ಟುಕೊಳ್ಳಿ. ಒಂದು ದರ್ಜೆಯೊಳಗೆ ಯಾರು ಸಿಕ್ಕರೂ ನಿಮಗೆ ಹೆಚ್ಚುಕಡಿಮೆ ಒಂದೇ ಅನ್ನಿಸಬೇಕು, ಗೆರೆ ದಾಟಿದರೆ ನಷ್ಟ ಅನ್ನಿಸಬೇಕು. ಈಗ 22ನೇ ಆಯ್ಕೆಯಲ್ಲಿ ಎರಡನೇ ದರ್ಜೆಯ ರನ್ನಿಂಗ್ ಬ್ಯಾಕ್ ಒಬ್ಬನೇ, ರಿಸೀವರ್‌ಗಳು ಐವರು ಉಳಿದಿದ್ದಾರೆ ಎನ್ನಿ. ಕಣ್ಣು ಮುಚ್ಚಿ ರನ್ನಿಂಗ್ ಬ್ಯಾಕ್ ತೆಗೆದುಕೊಳ್ಳಿ. ಮುಂದಿನ ನಾಲ್ಕು ಆಯ್ಕೆಯೂ ರಿಸೀವರ್‌ಗಳಿಗೇ ಹೋದರೂ 27ಕ್ಕೆ ಒಬ್ಬ ನಿಮಗೆ ಉಳಿದೇ ಉಳಿಯುತ್ತಾನೆ. ಬದಲಿಗೆ ರಿಸೀವರ್ ಮೂವರೇ ಇದ್ದರೆ ಆ ಎರಡು ತಂಡಗಳಲ್ಲಿ ಈಗಾಗಲೇ ಏನಿದೆ ನೋಡಬೇಕು. ಕ್ವಾರ್ಟರ್‌ಬ್ಯಾಕ್ ವಿಷಯದಲ್ಲಿ ಈ ಲೆಕ್ಕ ಇನ್ನೂ ಚೆನ್ನ. 46ರ ಹೊತ್ತಿಗೆ ಆ ಇಬ್ಬರ ಬಳಿಯೂ ಒಬ್ಬೊಬ್ಬ ಕ್ವಾರ್ಟರ್‌ಬ್ಯಾಕ್ ಇದ್ದರೆ ಇನ್ನೊಬ್ಬನಿಗೆ ಅವರು ಅಷ್ಟು ಬೇಗ ಕೈ ಹಾಕುವುದು ಅಪರೂಪ. ನಿಮಗೆ ಬೇಕಾದವನನ್ನು 51ರವರೆಗೂ ಕಾಯಿಸಬಹುದು.

27, 51, 75ರಲ್ಲಿ ಮಾತ್ರ ಇಂಥ ತಾಳ್ಮೆ ಸಲ್ಲದು. ಅವುಗಳ ನಂತರ 18 ಜನ ಹೋಗುವವರಿದ್ದಾರೆ, ಬೇಕಾದ್ದನ್ನು ಆಗಲೇ ಹಿಡಿದುಬಿಡಿ. ತಾಲೀಮಿನ ಸಿಮ್ಯುಲೇಟರಿನಲ್ಲಿ ಎದುರಾಳಿಗಳಾಗುವ ಬಾಟ್‌ಗಳು ಯಾರು ಸರಾಸರಿ ಎಷ್ಟನೇ ಆಯ್ಕೆಯಾಗುತ್ತಾರೆ ಎಂಬ ಪಟ್ಟಿ ನೋಡಿಕೊಂಡು ಆಡುತ್ತವೆ, ನಿಮ್ಮ ಯಜಮಾನರ ಮನಸ್ಸು ಅವಕ್ಕೆ ಗೊತ್ತಿಲ್ಲ. ಅವರು ಕೌಬಾಯ್ಸ್ ಅಭಿಮಾನಿಯಾಗಿದ್ದರೆ ಆ ತಂಡದವರನ್ನು ಪಟ್ಟಿಗಿಂತ ಮೊದಲೇ ಎತ್ತುತ್ತಾರೆ ಎಂದು ಬರೆದಿಟ್ಟುಕೊಳ್ಳಿ. (ಅವರೂ ಈ ಪುಟ ಓದುತ್ತಿದ್ದರೆ ಹೊಣೆ ನಮ್ಮದಲ್ಲ.)

ಪ್ರ: ಒಂದು ಪಟ್ಟಿಯಲ್ಲಿ ರನ್ನಿಂಗ್ ಬ್ಯಾಕ್ ಮೇಲೆ, ಇನ್ನೊಂದರಲ್ಲಿ ರಿಸೀವರ್ ಮೇಲೆ. ಯಾವುದನ್ನು ನಂಬಬೇಕು? (ಮೈಸೂರು)

ಉ: ಪಟ್ಟಿಯ ತಲೆಬರಹ ನೋಡಿ. ಒಂದು ಸ್ಟ್ಯಾಂಡರ್ಡ್ ಅಂಕಪದ್ಧತಿಯದು, ಇನ್ನೊಂದು ಪಿಪಿಆರ್‌ನದು ಇರಬೇಕು. ಪಿಪಿಆರ್‌ನಲ್ಲಿ ಹಿಡಿದ ಪ್ರತಿ ಚೆಂಡಿಗೂ 1 ಅಂಕ, ಹಾಫ್ ಪಿಪಿಆರ್‌ನಲ್ಲಿ ಅರ್ಧ, ಸ್ಟ್ಯಾಂಡರ್ಡ್‌ನಲ್ಲಿ ಸೊನ್ನೆ. ಉಳಿದದ್ದು ಒಂದೇ: ಓಟ ಅಥವಾ ಕ್ಯಾಚಿನ 10 ಯಾರ್ಡ್‌ಗೆ 1, ಟಚ್‌ಡೌನ್‌ಗೆ (ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸಿದ್ದಕ್ಕೆ) 6.

2024ರ ಋತುವಿನ ಇಬ್ಬರನ್ನು ತೂಗಿ ನೋಡೋಣ. ಬೆಂಗಾಲ್ಸ್‌ನ ರಿಸೀವರ್ ಜಮಾರ್ ಚೇಸ್: 127 ಕ್ಯಾಚ್, 1,708 ಯಾರ್ಡ್, 17 ಟಚ್‌ಡೌನ್. ರೇವನ್ಸ್‌ನ ರನ್ನಿಂಗ್ ಬ್ಯಾಕ್ ಡೆರಿಕ್ ಹೆನ್ರಿ: ಓಟದಲ್ಲಿ 1,921 ಯಾರ್ಡ್, 16 ಟಚ್‌ಡೌನ್, ಜತೆಗೆ 19 ಕ್ಯಾಚ್, 193 ಯಾರ್ಡ್, 2 ಟಚ್‌ಡೌನ್. ಫಂಬಲ್ (ಕೈಯಿಂದ ಚೆಂಡು ಜಾರುವುದು) ಮುಂತಾದ ಚಿಲ್ಲರೆ ಬಿಟ್ಟರೆ ಸ್ಟ್ಯಾಂಡರ್ಡ್‌ನಲ್ಲಿ ಹೆನ್ರಿಗೆ 319.4, ಚೇಸ್‌ಗೆ 272.8. ಹಾಫ್‌ನಲ್ಲಿ 328.9ಕ್ಕೆ 336.3. ಪೂರ್ತಿ ಪಿಪಿಆರ್‌ನಲ್ಲಿ 338.4ಕ್ಕೆ 399.8. ಆಟ ಅದೇ, ಆಟಗಾರರು ಅವರೇ. ನಿಯಮ ಬದಲಾದೊಡನೆ ತಕ್ಕಡಿ ಆ ಕಡೆಯಿಂದ ಈ ಕಡೆಗೆ ವಾಲಿತು. ಲೀಗ್ ಸೆಟ್ಟಿಂಗ್ಸ್ ಓದದೆ ಪಟ್ಟಿ ಡೌನ್‌ಲೋಡ್ ಮಾಡಿಕೊಳ್ಳುವವರೇ ಜಾಸ್ತಿ, ಅವರಿಂದ ನಿಮಗೆ ಲಾಭ.

ಪ್ರ: ಜೀರೋ ಆರ್‌ಬಿ, ಹೀರೋ ಆರ್‌ಬಿ, ರೋಬಸ್ಟ್ ಆರ್‌ಬಿ ಎಂದೆಲ್ಲ ಹೇಳುತ್ತಾರೆ. ಯಾವುದು ಸರಿ? ಜೀರೋ ಮಾಡಿ ಹೋದ ವರ್ಷ ಮಣ್ಣು ಮುಕ್ಕಿದೆ. (ಎಡಿಸನ್, ನ್ಯೂಜೆರ್ಸಿ)

ಉ: ಆರ್‌ಬಿ ಎಂದರೆ ರನ್ನಿಂಗ್ ಬ್ಯಾಕ್. ರೋಬಸ್ಟ್ ಎಂದರೆ ಮೊದಲ ನಾಲ್ಕು ಸುತ್ತಿನಲ್ಲಿ ಮೂವರು ರನ್ನಿಂಗ್ ಬ್ಯಾಕ್. ಹೀರೋ ಎಂದರೆ ಮೊದಲ ಎರಡು ಸುತ್ತಿನಲ್ಲಿ ಒಬ್ಬ ಗಟ್ಟಿ ಕುಳ, ಆಮೇಲೆ ಐದಾರನೇ ಸುತ್ತಿನವರೆಗೆ ಆ ಕಡೆ ತಿರುಗಿಯೂ ನೋಡದಿರುವುದು. ಜೀರೋದಲ್ಲಿ ಮೊದಲ ಐದು ಸುತ್ತಿನಲ್ಲಿ ರನ್ನಿಂಗ್ ಬ್ಯಾಕ್ ಒಬ್ಬನೂ ಇಲ್ಲ. ಈ ಹೆಸರು 2013ರಲ್ಲಿ ಶಾನ್ ಸೀಗೆಲೆ ಬರೆದ ಲೇಖನದಿಂದ ಪ್ರಚಾರಕ್ಕೆ ಬಂತು.

ಜೀರೋದ ಹಿಂದಿನ ತರ್ಕ ಗಾಯ. ರನ್ನಿಂಗ್ ಬ್ಯಾಕ್ ಬಿದ್ದರೆ ಅವನ ಕೆಲಸ ಹೆಚ್ಚಾಗಿ ಅವನ ಎನ್‌ಎಫ್‌ಎಲ್ ತಂಡದ ಬೆಂಚಿನಲ್ಲಿದ್ದ ಒಬ್ಬನಿಗೇ ಇಡಿಯಾಗಿ ಹೋಗುತ್ತದೆ. ರಿಸೀವರ್ ಬಿದ್ದರೆ ನಾಲ್ವರಿಗೆ ಹಂಚಿಹೋಗುತ್ತದೆ. 2024ರ ಡ್ರಾಫ್ಟ್‌ಗಳಲ್ಲಿ ಮೊದಲ ಆಯ್ಕೆಯೇ ಆಗಿದ್ದ ಕ್ರಿಶ್ಚಿಯನ್ ಮೆಕ್ಯಾಫ್ರಿ ಆ ವರ್ಷ ಆಡಿದ್ದು ನಾಲ್ಕೇ ಪಂದ್ಯ. ಅವನ ಜಾಗದಲ್ಲಿ ಇಳಿದ ಜೋರ್ಡನ್ ಮೇಸನ್ ಮೊದಲ ಪಂದ್ಯದಲ್ಲೇ 147 ಯಾರ್ಡ್ ಓಡಿದ.

ನೀವು ಎಡವಿದ್ದು ಎಲ್ಲಿ ಎಂದು ಊಹಿಸಬಹುದು. ಐದು ಸುತ್ತು ರಿಸೀವರ್‌ಗಳನ್ನು ಕೂಡಿಹಾಕಿ, ಆರು–ಏಳರಲ್ಲಿ ಕ್ವಾರ್ಟರ್‌ಬ್ಯಾಕ್ ಮತ್ತು ಟೈಟ್ ಎಂಡ್ ತೆಗೆದುಕೊಂಡು, ಎಂಟರಲ್ಲಿ ರನ್ನಿಂಗ್ ಬ್ಯಾಕ್ ಹುಡುಕಲು ಹೊರಟರೆ ಸಂತೆ ಮುಗಿದಿರುತ್ತದೆ. ಜೀರೋ ಮಾಡುವವರು ಆರನೇ ಸುತ್ತಿನಿಂದ ಹದಿಮೂರರೊಳಗೆ ಐದಾರು ರನ್ನಿಂಗ್ ಬ್ಯಾಕ್‌ಗಳನ್ನು ತುಂಬಿಕೊಳ್ಳಲೇಬೇಕು. ಅದರಲ್ಲೂ ವಾರಕ್ಕೆ ಆರೇಳು ಅಂಕ ತರುವ ಹಳಬರನ್ನಲ್ಲ. ತಂಡದ ಮೊದಲನೆಯವನು ಬಿದ್ದರೆ ಪೂರ್ತಿ ಕೆಲಸ ಸಿಗುವಂಥ ಎರಡನೆಯವರನ್ನು. ಪ್ರತಿ ವಾರ ವೇವರ್ ಪಟ್ಟಿ (ಲೀಗ್‌ನಲ್ಲಿ ಯಾರ ತಂಡದಲ್ಲೂ ಇಲ್ಲದ ಆಟಗಾರರದು) ನೋಡಲು ಬಿಡುವಿಲ್ಲದವರು ಜೀರೋ ಗೋಜಿಗೆ ಹೋಗಬೇಡಿ.

ಪೂರ್ತಿ ಪಿಪಿಆರ್, ಮೂವರು ರಿಸೀವರ್ ಮತ್ತು ಫ್ಲೆಕ್ಸ್ ಇರುವ ಲೀಗ್‌ಗೆ ಜೀರೋ ಅಥವಾ ಹೀರೋ ಒಪ್ಪುತ್ತದೆ. ಸ್ಟ್ಯಾಂಡರ್ಡ್ ಅಂಕ, ಇಬ್ಬರೇ ರಿಸೀವರ್ ಇದ್ದರೆ ರೋಬಸ್ಟ್. ಹೊಸಬರಿಗೆ ನಾವು ಹೇಳುವುದು ಹೀರೋ: ಒಬ್ಬ ರನ್ನಿಂಗ್ ಬ್ಯಾಕ್, ಆಮೇಲೆ ಮೂವರು ರಿಸೀವರ್, 7ರಿಂದ 11ನೇ ಸುತ್ತಿನೊಳಗೆ ಇನ್ನೂ ಮೂರ್ನಾಲ್ಕು ರನ್ನಿಂಗ್ ಬ್ಯಾಕ್. ಮೂರೂ ವಿಧಾನವನ್ನು ನಿಮ್ಮ ಪಾಳಿಯಿಂದ ಎರಡೆರಡು ಸಲ ತಾಲೀಮು ಮಾಡಿ. ಒಂದನೇ ಪಾಳಿಯಿಂದ ಸಲೀಸಾದದ್ದು ಹನ್ನೊಂದನೇ ಪಾಳಿಯಿಂದ ಒದ್ದಾಟವಾಗಬಹುದು.

ಪ್ರ: ಕ್ವಾರ್ಟರ್‌ಬ್ಯಾಕ್ ಯಾವಾಗ? ಅಂಕ ಅತಿ ಹೆಚ್ಚು ತರುವವನು ಅವನೇ ಅಲ್ಲವೇ? (ಸನ್ನಿವೇಲ್, ಕ್ಯಾಲಿಫೋರ್ನಿಯಾ)

ಉ: ಹೆಚ್ಚು ತರುತ್ತಾನೆ, ಆದರೆ ಪಕ್ಕದವನ ಕ್ವಾರ್ಟರ್‌ಬ್ಯಾಕೂ ತರುತ್ತಾನಲ್ಲ! ಎನ್‌ಎಫ್‌ಎಲ್‌ನಲ್ಲಿ 32 ತಂಡ, ನಿಮ್ಮ ಲೀಗ್‌ಗೆ ವಾರಕ್ಕೆ ಬೇಕಾದವರು 12 ಜನ. ರನ್ನಿಂಗ್ ಬ್ಯಾಕ್‌ಗಳು ಮಾತ್ರ ಕನಿಷ್ಠ 24, ಫ್ಲೆಕ್ಸ್ ಸೇರಿದರೆ ಮೂವತ್ತರ ಹತ್ತಿರ. ಕೊರತೆ ಇರುವಲ್ಲಿ ಮೊದಲು ಖರ್ಚು ಮಾಡಬೇಕು. ಒಬ್ಬನೇ ಕ್ವಾರ್ಟರ್‌ಬ್ಯಾಕ್ ಇರುವ ಲೀಗ್‌ನಲ್ಲಿ ಆರರಿಂದ ಒಂಬತ್ತನೇ ಸುತ್ತು ತಡವೇನಲ್ಲ.

ತಡವಾಗಿ ಕೊಳ್ಳುವಾಗ ಓಡುವವನನ್ನು ಹುಡುಕಿ. ಎಸೆತದ 25 ಯಾರ್ಡ್‌ಗೆ 1 ಅಂಕ, ಓಟದ 10 ಯಾರ್ಡ್‌ಗೇ 1. 2024ರಲ್ಲಿ ವಾಷಿಂಗ್ಟನ್ನಿನ ಹೊಸ ಹುಡುಗ ಜೇಡನ್ ಡೇನಿಯಲ್ಸ್ ಓಡಿದ 891 ಯಾರ್ಡ್‌ಗೆ 89.1 ಅಂಕ. ಎಸೆದು ಅಷ್ಟು ಗಳಿಸಲು 2,200ಕ್ಕೂ ಹೆಚ್ಚು ಯಾರ್ಡ್ ಬೇಕು.

ನಿಮ್ಮ ಲೀಗ್ ಸೂಪರ್‌ಫ್ಲೆಕ್ಸ್ (ಫ್ಲೆಕ್ಸ್ ಜಾಗದಲ್ಲಿ ಕ್ವಾರ್ಟರ್‌ಬ್ಯಾಕನ್ನೂ ಇಳಿಸಬಹುದಾದದ್ದು) ಆಗಿದ್ದರೆ ಮೇಲಿನದನ್ನೆಲ್ಲ ಮರೆತುಬಿಡಿ. 12 ತಂಡಕ್ಕೆ ಇಬ್ಬರಂತೆ 24 ಕ್ವಾರ್ಟರ್‌ಬ್ಯಾಕ್ ಬೇಕಾಗುತ್ತದೆ, ಬೈ ವಾರಗಳಲ್ಲಿ (ಕೆಲವು ತಂಡಗಳಿಗೆ ಪಂದ್ಯವಿಲ್ಲದ ವಾರ) ಉಳಿಯುವವರು ಬೆರಳೆಣಿಕೆ. ಮೊದಲ ನಾಲ್ಕು ಸುತ್ತಿನೊಳಗೆ ಇಬ್ಬರು ನಿಮ್ಮ ಕೈಯಲ್ಲಿರಬೇಕು.

ಪ್ರ: ನಾಲ್ಕು ಜನ ಸಾಲಾಗಿ ಟೈಟ್ ಎಂಡ್ ತೆಗೆದುಕೊಂಡರು, ನಾನೂ ತೆಗೆದುಕೊಂಡೆ. ತಪ್ಪೇ? (ಬೆಲ್‌ವ್ಯೂ, ವಾಷಿಂಗ್ಟನ್)

ಉ: ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗಾಯಿತು. ಐದನೆಯವರಾಗಿ ಹೋದಾಗ ಸಿಗುವುದು ಗೆರೆಯಾಚೆಯ ಆಟಗಾರ, ಕೊಟ್ಟಿದ್ದು ಗೆರೆಯೀಚೆಯ ಬೆಲೆ. ಆ ನಾಲ್ವರು ಟೈಟ್ ಎಂಡ್‌ಗೆ ಹೋದಾಗ ನಾಲ್ಕು ರಿಸೀವರ್‌ಗಳು ಕೆಳಗೆ ಜಾರಿ ನಿಮ್ಮ ಮುಂದೆ ಬಂದಿರುತ್ತಾರೆ, ಅವರನ್ನು ಹಿಡಿಯಬೇಕಿತ್ತು. ಟೈಟ್ ಎಂಡ್ ಮೊದಲ ದರ್ಜೆಯವನು ಸಿಕ್ಕರೆ ಬೇಗ, ಇಲ್ಲವಾದರೆ ಹತ್ತನೇ ಸುತ್ತಿನ ನಂತರ.

ಪ್ರ: ಪ್ರತಿ ಮಾಕ್‌ನಲ್ಲೂ ಎ ಪ್ಲಸ್ ಗ್ರೇಡ್. ಲೀಗ್‌ನಲ್ಲಿ ಹತ್ತನೇ ಸ್ಥಾನ. (ಜಯನಗರ, ಬೆಂಗಳೂರು)

ಉ: ಆ ಗ್ರೇಡ್ ಕೊಡುವುದು ಅದೇ ತಾಣದ ಸ್ವಂತ ಅಂದಾಜು. ಅವರ ಪಟ್ಟಿ ನೋಡಿ ಬರೆದರೆ ಅವರೇ ಮಾರ್ಕ್ಸ್ ಕೊಡುತ್ತಾರೆ. ಇನ್ನೊಂದು, ಜನರ ಜತೆ ಆಡುವ ಮಾಕ್‌ಗಳಲ್ಲಿ ಐದಾರು ಸುತ್ತಾದ ಮೇಲೆ ಅರ್ಧ ಜನ ಎದ್ದು ಹೋಗಿರುತ್ತಾರೆ, ಉಳಿದದ್ದನ್ನು ಯಂತ್ರ ತುಂಬುತ್ತದೆ. ಎಂಟನೇ ಸುತ್ತಿಗೂ ಒಳ್ಳೆಯವರು ಸಿಕ್ಕರೆಂದು ಹಿಗ್ಗಿದರೆ ನಿಜವಾದ ದಿನ ಸಿಗುವುದಿಲ್ಲ. ಕೊನೆಯ ಸುತ್ತುಗಳ ಅಭ್ಯಾಸ ಬೇಕಿದ್ದರೆ ಲೀಗ್‌ನ ಗೆಳೆಯರನ್ನೇ ಒಂದು ಸಂಜೆ ಕೂರಿಸಿ. ಜುಲೈನಲ್ಲಿ ಮಾಡಿದ ಮಾಕ್ ಆಗಸ್ಟ್ ಕೊನೆಗೆ ಹಳಸಿರುತ್ತದೆ. ಅಷ್ಟರಲ್ಲಿ ಕ್ಯಾಂಪಿನಲ್ಲಿ ಗಾಯಗಳಾಗಿ, ತಂಡಗಳು 53 ಮಂದಿಗೆ ಇಳಿದು, ಪಟ್ಟಿಯೇ ಬದಲಾಗಿರುತ್ತದೆ. ಕೊನೆಯ ಹತ್ತು ದಿನದ ತಾಲೀಮಿಗೆ ಮಾತ್ರ ಬೆಲೆ.

ಪ್ರ: ಕಿಕ್ಕರ್, ಡಿಫೆನ್ಸ್ ಯಾವಾಗ? ಬೈ ವಾರ ಲೆಕ್ಕ ಹಾಕಬೇಕೇ? (ಹುಬ್ಬಳ್ಳಿ)

ಉ: ಕೊನೆಯ ಎರಡು ಸುತ್ತು, ಅದಕ್ಕೆ ಮುಂಚೆ ಬೇಡ. ಡಿಫೆನ್ಸ್‌ಗೆ ಹೆಸರು ನೋಡಬೇಡಿ, ಮೊದಲ ವಾರದ ಎದುರಾಳಿ ಯಾರು ನೋಡಿ. ಬೈ ವಾರಗಳು ಸಾಮಾನ್ಯವಾಗಿ 5ರಿಂದ 14ರೊಳಗೆ ಬರುತ್ತವೆ. ಅಷ್ಟರಲ್ಲಿ ನಿಮ್ಮ ಬೆಂಚಿನ ಅರ್ಧ ಬದಲಾಗಿರುತ್ತದೆ, ಅದಕ್ಕಾಗಿ ಒಳ್ಳೆಯ ಆಟಗಾರನನ್ನು ಬಿಡಬೇಡಿ.

ಪ್ರ: ಬೆಂಗಳೂರಿನಲ್ಲಿ ಕೂತು ಆಡುವಾಗ ಸಮಯ ಹೇಗೆ ಹೊಂದಿಸುವುದು? ಲೀಗ್‌ಗೆ ಐವತ್ತು ಡಾಲರ್ ಕೇಳುತ್ತಿದ್ದಾರೆ. (ವೈಟ್‌ಫೀಲ್ಡ್)

ಉ: ದುಡ್ಡಿನ ಲೀಗ್ ಬೇಡ. 2025ರ ಆಗಸ್ಟ್‌ನಲ್ಲಿ ಬಂದ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದೆ. ಪುಕ್ಕಟೆ ಲೀಗ್ ಕೇಳಿ.

ಅಮೆರಿಕದ ಪೂರ್ವ ತೀರದಲ್ಲಿ ರಾತ್ರಿ 8ಕ್ಕೆ ಡ್ರಾಫ್ಟ್ ಇಟ್ಟರೆ ಇಲ್ಲಿ ಮರುದಿನ ಬೆಳಗಿನ 5.30. ನೆಟ್ ಕೈಕೊಟ್ಟರೆ ಯಂತ್ರ ನಿಮ್ಮ ಪರವಾಗಿ ಆರಿಸುತ್ತದೆ, ಹಾಗಾಗಿ ಕ್ಯೂನಲ್ಲಿ (ಮುಂದೆ ನಿಮಗೆ ಬೇಕಾದವರ ಪಟ್ಟಿ) ಸದಾ ಐದು ಹೆಸರು ಇರಲಿ, ಪಕ್ಕದಲ್ಲಿ ಫೋನಿನ ಹಾಟ್‌ಸ್ಪಾಟ್ ಇರಲಿ. ಭಾನುವಾರದ ಮೊದಲ ಪಂದ್ಯಗಳು ಇಲ್ಲಿ ರಾತ್ರಿ 10.30ಕ್ಕೆ, ನವೆಂಬರ್ ಮೊದಲ ಭಾನುವಾರದಿಂದ 11.30ಕ್ಕೆ. ಯಾರು ಆಡುವುದಿಲ್ಲ ಎಂಬ ಪಟ್ಟಿ ಪಂದ್ಯಕ್ಕೆ 90 ನಿಮಿಷ ಮೊದಲು ಬರುತ್ತದೆ, ಊಟ ಮುಗಿಸಿ ಒಮ್ಮೆ ನೋಡಿ.

ಗುರುವಾರ ರಾತ್ರಿಯ ಪಂದ್ಯ ನಮಗೆ ಶುಕ್ರವಾರ ಬೆಳಗಿನ 5.45, ನವೆಂಬರ್ ಮೊದಲ ಭಾನುವಾರದ ನಂತರ 6.45. ಆ ತಂಡಗಳ ಆಟಗಾರ ನಿಮ್ಮಲ್ಲಿದ್ದರೆ ಗುರುವಾರ ಮಲಗುವ ಮೊದಲೇ ಅವನನ್ನು ಅವನ ಸ್ಥಾನದಲ್ಲೇ ಕೂರಿಸಿ, ಫ್ಲೆಕ್ಸ್‌ನಲ್ಲಿ ಬೇಡ. ಭಾನುವಾರ ಇನ್ನೊಬ್ಬನಿಗೆ ಗಾಯವಾಗಿದೆ ಎಂದು ಗೊತ್ತಾದಾಗ ಯಾರನ್ನು ಬೇಕಾದರೂ ತುರುಕಲು ಆ ಫ್ಲೆಕ್ಸ್ ಖಾಲಿ ಇರಬೇಕು.