ರಕ್ತ ಹಾಕುವಾಗ ನರ್ಸ್ ಮತ್ತೆ ಮತ್ತೆ ಹೆಸರು ಕೇಳುವುದು ಯಾಕೆ?

ಅಮ್ಮನಿಗೆ ರಕ್ತ ಹಾಕುವಾಗ ನರ್ಸ್ ಮೂರು ಸಲ ಹೆಸರು ಕೇಳಿದರು, ಆಮೇಲೆ ಕಾಲು ಗಂಟೆ ಹಾಸಿಗೆ ಬಿಟ್ಟು ಕದಲಲಿಲ್ಲ, ಏನಾದರೂ ಹೆಚ್ಚುಕಮ್ಮಿ ಆಗಿತ್ತಾ ಅಂತ ಕೇಳಿದ್ದೀರಿ. ಇಲ್ಲ, ಅವರು ಕೆಲಸ ಸರಿಯಾಗಿ ಮಾಡಿದ್ದಾರೆ. ನಾನೂ ವಾರ್ಡ್ ನರ್ಸ್. 'ಈಗ ತಾನೇ ಹೇಳಿದೆನಲ್ಲಮ್ಮಾ' ಅಂತ ನನ್ನ ಮೇಲೂ ಎಷ್ಟೋ ಜನ ರೇಗಿದ್ದಾರೆ.

ರಕ್ತ ಅಂದರೆ ಜನ ಸೋಂಕಿಗೆ ಹೆದರುತ್ತಾರೆ. ನನಗೆ ಅದಕ್ಕಿಂತ ಜಾಸ್ತಿ ಭಯ, ಒಬ್ಬರ ಬ್ಯಾಗ್ ಇನ್ನೊಬ್ಬರಿಗೆ ಹೋಗುವುದು. ಗುಂಪು ನೋಡಿ, ಕ್ರಾಸ್ ಮ್ಯಾಚ್ (ಕೊಟ್ಟವರ ರಕ್ತ ರೋಗಿಯ ರಕ್ತಕ್ಕೆ ಹೊಂದುತ್ತದಾ ಅಂತ ಲ್ಯಾಬಿನಲ್ಲಿ ನೋಡುವ ಪರೀಕ್ಷೆ) ಮಾಡಿ ಕಳಿಸಿದ ರಕ್ತ ಪಕ್ಕದ ಹಾಸಿಗೆಗೆ ಹೋದರೆ ಅಷ್ಟೂ ಪರೀಕ್ಷೆ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ. ಓ ಗುಂಪಿನವರಿಗೆ ಎ ಗುಂಪಿನ ರಕ್ತ ಕೊಟ್ಟರೆ, ಅವರ ಮೈಯಲ್ಲಿ ಮೊದಲೇ ಇರುವ ಪ್ರತಿಕಾಯಗಳು ಆ ಕೆಂಪು ಕಣಗಳನ್ನು ಒಡೆದುಹಾಕುತ್ತವೆ. ಕಿಡ್ನಿ ಕೆಡಬಹುದು, ಜೀವವೇ ಹೋಗಬಹುದು. 'ನೀವು ಇಂಥವರು ಅಲ್ವಾ?' ಅಂತ ಕೇಳಿದರೆ ನಿದ್ದೆಗಣ್ಣಿನಲ್ಲಿ ಯಾರಾದರೂ 'ಹೂಂ' ಅಂದುಬಿಡುತ್ತಾರೆ. ಅದಕ್ಕೇ ಹೆಸರನ್ನು ಅವರ ಬಾಯಿಂದಲೇ ಹೇಳಿಸುತ್ತೇವೆ. ಕೈಗೆ ಕಟ್ಟಿದ ಪಟ್ಟಿ, ಬ್ಯಾಗಿನ ಚೀಟಿ, ಎರಡನ್ನೂ ಹಾಸಿಗೆ ಪಕ್ಕದಲ್ಲೇ ತಾಳೆ ನೋಡುತ್ತೇವೆ.

ಇನ್ನು ಆ ಕಾಲು ಗಂಟೆ. ಶುರು ಮಾಡುವ ಮುಂಚೆ ಜ್ವರ, ನಾಡಿ, ಬಿಪಿ, ಉಸಿರು ಬರೆದುಕೊಂಡು, ಮೊದಲ 15 ನಿಮಿಷ ನಿಧಾನವಾಗಿ ಬಿಡುತ್ತೇವೆ. ರಕ್ತ ಹೊಂದದಿದ್ದರೆ ಸ್ವಲ್ಪ ಒಳಗೆ ಹೋದರೂ ಸಾಕು, ಅನಾಹುತ ಶುರುವಾಗುತ್ತದೆ. 15 ನಿಮಿಷಕ್ಕೆ ಮತ್ತೆ ಎಲ್ಲ ಅಳೆಯುತ್ತೇವೆ. ಜ್ವರ 1 ಡಿಗ್ರಿ ಸೆಲ್ಸಿಯಸ್ ಏರಿದರೂ ಸುಮ್ನೆ ಬಿಡುವುದಿಲ್ಲ. ಚಳಿ, ದದ್ದು, ಸೊಂಟನೋವು, ಉಸಿರು ಕಟ್ಟಿದಂತಾಗುವುದು, ಮೂತ್ರ ಕೆಂಪಾಗುವುದು, ಇವನ್ನೂ ನೋಡುತ್ತಿರುತ್ತೇವೆ. ಒಮ್ಮೆ ಒಬ್ಬ ಅಜ್ಜಿ 'ಏನೋ ಒಂಥರಾ ಆಗ್ತಿದೆ ಮಗಾ' ಅಂದರು. ಅಳತೆಯೆಲ್ಲ ಸರಿಯಾಗೇ ಇತ್ತು. ಆದರೂ ನಿಲ್ಲಿಸಿದೆ. ಹತ್ತು ನಿಮಿಷದಲ್ಲಿ ಗಡಗಡ ನಡುಗಿದರು.

ಅನುಮಾನ ಬಂದರೆ ಮೊದಲು ರಕ್ತ ನಿಲ್ಲಿಸಬೇಕು. ಸೂಜಿ ತೆಗೆಯುವುದಿಲ್ಲ, ಔಷಧಿ ಕೊಡಲು ಆ ದಾರಿ ಬೇಕಾಗುತ್ತದೆ. ಹೊಸ ಟ್ಯೂಬಿನಲ್ಲಿ ಸಲೈನ್ ಹಾಕಿ, ಡಾಕ್ಟರನ್ನು ಕರೆದು, ಹೆಸರು ಮತ್ತೆ ತಾಳೆ ನೋಡಿ, ಬ್ಯಾಗನ್ನು ಲ್ಯಾಬಿಗೆ ವಾಪಸ್ ಕಳಿಸುತ್ತೇವೆ.

ಮನೆಯವರಿಗೆ ಒಂದು ಮಾತು. ಬೇಗ ಮುಗಿಯಲಿ ಅಂತ ಡ್ರಿಪ್ಪಿನ ಚಕ್ರ ತಿರುಗಿಸಬೇಡಿ. ವಯಸ್ಸಾದವರಿಗೆ, ಹೃದಯ ಸೋತವರಿಗೆ ರಕ್ತ ಜೋರಾಗಿ ಹೋದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಹಾಗಂತ ತೀರಾ ಎಳೆಯುವಂತೆಯೂ ಇಲ್ಲ, ಒಂದು ಬ್ಯಾಗ್ 4 ಗಂಟೆಯೊಳಗೆ ಮುಗಿಯಬೇಕು. ಹೊರಗೆ ಜಾಸ್ತಿ ಹೊತ್ತು ಇದ್ದರೆ ಬ್ಯಾಕ್ಟೀರಿಯಾ ಬೆಳೆಯುತ್ತವೆ.

ಕೆಲವರಿಗೆ ತೊಂದರೆ ತಡವಾಗಿ ಬರುವುದೂ ಉಂಟು. ಇನ್ನು ಎರಡು ವಾರದೊಳಗೆ ಅಮ್ಮನ ಕಣ್ಣು ಹಳದಿಯಾದರೆ, ಮೂತ್ರ ಕಪ್ಪಗಾದರೆ, ಕಾರಣವಿಲ್ಲದೆ ಜ್ವರ ಬಂದರೆ ಡಾಕ್ಟರ ಹತ್ತಿರ ಹೋಗಿ. ರಕ್ತ ಹಾಕಿಸಿದ ದಿನಾಂಕವನ್ನು ಮರೆಯದೆ ಹೇಳಿ.